ಕುತ್ತಿಗೆ 'ಲಟಕ್' ಎನ್ನುವುದೇಕೆ?

ಮಕ್ಕಳೇ, ಬಹಳ ಹೊತ್ತು ತಲೆ ಬಗ್ಗಿಸಿ ಬರೆದ ಮೇಲೆ ಕುತ್ತಿಗೆಯನ್ನು ಪಕ್ಕಕ್ಕೆ ತಿರುಗಿಸುತ್ತೀರಿ. 'ಲಟಕ್' ಎಂಬ ಸದ್ದು! ಮೂಳೆ ಮುರಿಯಿತೇ ಎಂದು ಗಾಬರಿಯಾಗುತ್ತದಲ್ಲವೇ? ಹೆದರಬೇಡಿ. ಅದು ಮೂಳೆ ಮುರಿದ ಸದ್ದಲ್ಲ, ಮೂಳೆಗೆ ಮೂಳೆ ಬಡಿದ ಸದ್ದೂ ಅಲ್ಲ. ಹಾಗಾದರೆ ಅದು ಎಲ್ಲಿಂದ ಬಂತು?

ನಮ್ಮ ಕುತ್ತಿಗೆಯಲ್ಲಿ 7 ಮೂಳೆಗಳು ಒಂದರ ಮೇಲೊಂದು ಕುಳಿತಿವೆ. ಉದ್ದ ಕತ್ತಿನ ಜಿರಾಫೆಗೂ ಇರುವುದು ಏಳೇ! ಈ ಮೂಳೆಗಳ ನಡುವೆ, ಹಿಂಭಾಗದಲ್ಲಿ ಪುಟ್ಟ ಕೀಲುಗಳಿವೆ. ಪ್ರತಿ ಕೀಲನ್ನೂ ಒಂದು ಚೀಲ ಸುತ್ತುವರಿದಿದೆ. ಅದರೊಳಗೆ ಮೊಟ್ಟೆಯ ಬಿಳಿ ಲೋಳೆಯಂಥ ದ್ರವವಿದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಇದ್ದಂತೆ, ಮೂಳೆಗಳು ಸಲೀಸಾಗಿ ಜಾರಲು ಇದು ನೆರವಾಗುತ್ತದೆ. ಈ ದ್ರವದಲ್ಲಿ ಅನಿಲಗಳೂ ಕರಗಿರುತ್ತವೆ.

ಕುತ್ತಿಗೆ ತಿರುಗಿಸಿದಾಗ ಕೀಲಿನ ಮೂಳೆಗಳು ತುಸು ದೂರ ಸರಿಯುತ್ತವೆ. ಚೀಲದೊಳಗೆ ಜಾಗ ಹೆಚ್ಚಿ ಒತ್ತಡ ಕಡಿಮೆಯಾಗುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದೊಡನೆ ಗುಳ್ಳೆಗಳು ಏಳುವುದನ್ನು ನೋಡಿದ್ದೀರಲ್ಲವೇ? ಇಲ್ಲಿಯೂ ಹಾಗೆಯೇ ಗುಳ್ಳೆ ಉಂಟಾಗುತ್ತದೆ. 'ಲಟಕ್' ಸದ್ದಿಗೆ ಈ ಗುಳ್ಳೆಯೇ ಕಾರಣ.

ಬೆರಳಿನ ನೆಟಿಗೆ ಮುರಿದಾಗ ಆಗುವುದೂ ಇದೇ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎಂ.ಆರ್.ಐ. ಯಂತ್ರದೊಳಗೆ ಬೆರಳನ್ನು ಎಳೆದು, ಕೀಲಿನಲ್ಲಿ ಗುಳ್ಳೆ ಮೂಡುವ ಚಿತ್ರ ತೆಗೆದರು. ನೆಟಿಗೆ ಮುರಿದ ಬೆರಳನ್ನು ಕೂಡಲೇ ಮತ್ತೆ ಎಳೆದರೆ ಸದ್ದು ಬರುವುದಿಲ್ಲ. ಅನಿಲ ದ್ರವದಲ್ಲಿ ಮರಳಿ ಕರಗಲು ಸುಮಾರು 20 ನಿಮಿಷ ಬೇಕು.

ನೆಟಿಗೆ ಮುರಿದರೆ ಬೆರಳು ಕೆಡುತ್ತದೆಯೇ? ಅಮೆರಿಕದ ವೈದ್ಯ ಡೊನಾಲ್ಡ್ ಅಂಗರ್ 50 ವರ್ಷ ಎಡಗೈಯ ನೆಟಿಗೆಯನ್ನು ಮಾತ್ರ ಮುರಿದು ಪರೀಕ್ಷಿಸಿದರು. ಯಾವ ಕೈಗೂ ಸಂಧಿವಾತ ಬರಲಿಲ್ಲವೆಂದು 1998ರಲ್ಲಿ ಬರೆದರು.

ಆದರೆ ಕುತ್ತಿಗೆ ಬೆರಳಿನಂತಲ್ಲ! ಅಲ್ಲಿನ ಮೂಳೆಗಳ ರಂಧ್ರಗಳ ಮೂಲಕ ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಸಾಗುತ್ತವೆ. ಕುತ್ತಿಗೆಯನ್ನು ರಭಸದಿಂದ ತಿರುಚಿದರೆ ನಾಳದ ಒಳಪದರ ಹರಿದು, ಮಿದುಳಿಗೆ ರಕ್ತ ಸಿಗದೆ ಪಾರ್ಶ್ವವಾಯು ಆಗಬಹುದು. ಹೀಗಾಗುವುದು ಅಪರೂಪ. ಆದರೂ ಅಪಾಯ ಅಪಾಯವೇ.

ಕ್ಷೌರದ ಅಂಗಡಿಯಲ್ಲಿ ಯಾರಾದರೂ ಕುತ್ತಿಗೆ ತಿರುಚಿ ಸದ್ದು ಬರಿಸಲು ಬಂದರೆ 'ಬೇಡ' ಎನ್ನಿ. ಆಟಕ್ಕೂ ಗೆಳೆಯರ ಕುತ್ತಿಗೆ ತಿರುಚಬೇಡಿ. ತಾನಾಗಿ ಬರುವ ಸದ್ದಿಗೆ ಹೆದರಬೇಕಿಲ್ಲ. ಸದ್ದಿನ ಜೊತೆ ನೋವು ಅಥವಾ ಕೈಯಲ್ಲಿ ಜೋಮು ಇದ್ದರೆ ಮನೆಯಲ್ಲಿ ಹೇಳಿ, ವೈದ್ಯರಿಗೆ ತೋರಿಸಿ.