ಕೊಟ್ಟ ಮಾತು, ಬರೆದ ಕರಾರು: ಒಡಂಬಡಿಕೆ ಎಂದರೇನು?

ಜಹೀರಾಬಾದ್: ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಕನ್ನಡಿಗರಿಗೆ ಒಪ್ಪಂದ ಎಂಬುದಕ್ಕೆ ಹೆಸರುಗಳ ಬರವಿಲ್ಲ. ಮನೆಯಲ್ಲಿ ಅದು ಭಾಷೆ, ಗುಡಿಯಲ್ಲಿ ಆಣೆ, ಹೊಲದಲ್ಲಿ ಕೌಲು, ಕಚೇರಿಯಲ್ಲಿ ಕರಾರು, ಚರ್ಚಿನಲ್ಲಿ ಒಡಂಬಡಿಕೆ. ಹೆಸರು ಹಲವಿದ್ದರೂ ಎಲ್ಲದರ ತಿರುಳು ಒಂದೇ ಎಂದು ಜನ ತಿಳಿಯುತ್ತಾರೆ. ಗೊಂದಲ ಶುರುವಾಗುವುದೇ ಇಲ್ಲಿಂದ. ಧರ್ಮ ಒಪ್ಪುವ ಒಡಂಬಡಿಕೆಯನ್ನೆಲ್ಲ ಕಾನೂನು ಒಪ್ಪುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಹೊಲ ಕಳೆದುಕೊಳ್ಳುವ ಅಪಾಯವೂ ಇದೆ.

ಪದಗಳ ಮೂಲ

ಕನ್ನಡದ 'ಒಡಂಬಡು' ಎಂದರೆ ಒಪ್ಪು, ಸಮ್ಮತಿಸು. ಅದರಿಂದ ಬಂದದ್ದು ಒಡಂಬಡಿಕೆ. 'ಕೌಲು' ಅರಬ್ಬಿ ಮೂಲದ ಪದ. ಅದರ ಅರ್ಥ ಆಡಿದ ಮಾತು, ಕೊಟ್ಟ ವಚನ. ಅಂದರೆ ಇಂದು ಹೊಲದ ಗೇಣಿಗೆ ಬಳಸುವ ಪದ ಮೊದಲು ಮಾತಿಗೆ ಇದ್ದ ಹೆಸರು.

ಎರಡು ಭಾಷೆ ಬಲ್ಲವರು ಎಡವಬಹುದಾದ ಪದವೊಂದಿದೆ. ಕನ್ನಡ ಬೈಬಲ್‌ನ ಎರಡು ಭಾಗಗಳಿಗೆ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂದು ಹೆಸರು. ತೆಲುಗು ಬೈಬಲ್‌ನಲ್ಲಿ ಅವೇ ಪಾತ ನಿಬಂಧನ, ಕ್ರೊತ್ತ ನಿಬಂಧನ. ಆದರೆ ಕನ್ನಡದ ಕಚೇರಿ ಕಾಗದದಲ್ಲಿ ನಿಬಂಧನೆ ಎಂದರೆ ಷರತ್ತು, ನಿಯಮ. ಒಂದರಲ್ಲಿ ಅದು ದೇವರಿಗೂ ಜನಕ್ಕೂ ನಡುವಿನ ಸಂಬಂಧ, ಇನ್ನೊಂದರಲ್ಲಿ ಬ್ಯಾಂಕ್ ಸಾಲದ ಕಾಗದದ ಕೊನೆಯ ಪುಟ.

ಧರ್ಮದಲ್ಲಿ ಒಡಂಬಡಿಕೆ

ಬೈಬಲ್‌ನಲ್ಲಿ ದೇವರು ನೋಹನ ಜೊತೆ, ಅಬ್ರಹಾಮನ ಜೊತೆ, ಮೋಶೆಯ ಮೂಲಕ ಇಸ್ರಾಯೇಲ್ ಜನರ ಜೊತೆ ಒಡಂಬಡಿಕೆ ಮಾಡಿಕೊಳ್ಳುತ್ತಾನೆ. ಇದು ಕೊಡು-ಕೊಳ್ಳುವ ವ್ಯಾಪಾರವಲ್ಲ. ಇಬ್ಬರೂ ಸಮಾನರಲ್ಲ, ಅವಧಿಯೂ ಇಲ್ಲ. ಮನುಷ್ಯ ತಪ್ಪಿದರೂ ಸಂಬಂಧ ಕಡಿಯುವುದಿಲ್ಲ ಎಂಬ ಭರವಸೆ ಅದರಲ್ಲಿದೆ. ಬೀದರ್, ವಿಕಾರಾಬಾದ್ ಕಡೆ ನೆಲೆಯೂರಿದ ಮೆಥಡಿಸ್ಟ್ ಸಭೆಯ ಪರಂಪರೆಯಲ್ಲಿ ಒಡಂಬಡಿಕೆಯನ್ನು ನವೀಕರಿಸುವ ವಿಶೇಷ ಆರಾಧನೆಯೇ ಇದೆ. ಜಾನ್ ವೆಸ್ಲಿ ಇದನ್ನು 1755ರಲ್ಲಿ ಲಂಡನ್‌ನಲ್ಲಿ ಆರಂಭಿಸಿದರು. ಈಗ ಸಾಮಾನ್ಯವಾಗಿ ಹೊಸ ವರ್ಷದ ಹೊತ್ತಿಗೆ ನಡೆಯುತ್ತದೆ.

ಇಸ್ಲಾಮಿನಲ್ಲಿ ಕೊಟ್ಟ ಮಾತು ನಡೆಸುವುದು ಧಾರ್ಮಿಕ ಕರ್ತವ್ಯ. ನಿಕಾಹ್ ಸ್ವತಃ ಒಂದು ಕರಾರು: ಒಬ್ಬರ ಪ್ರಸ್ತಾಪ, ಇನ್ನೊಬ್ಬರ ಕಬೂಲ್, ಸಾಕ್ಷಿಗಳು, ಮೆಹರ್. ಹಿಂದೂ ಮದುವೆಯ ಸಪ್ತಪದಿಯಲ್ಲಿ ಅಗ್ನಿಯೇ ಸಾಕ್ಷಿ. ಲಿಂಗಾಯತರಲ್ಲಿ ದೀಕ್ಷೆ ಪಡೆದವರು ಗುರು ಕೊಟ್ಟ ಇಷ್ಟಲಿಂಗವನ್ನು ಜೀವನವಿಡೀ ಅಗಲುವಂತಿಲ್ಲ.

ಇವೆಲ್ಲದರಲ್ಲಿ ಸಮಾನ ಅಂಶವೊಂದಿದೆ. ಕಟ್ಟು ಬೀಳುವುದು ಯಾರ ಮುಂದೆ ಮಾತು ಕೊಟ್ಟೆವು ಎಂಬುದರಿಂದ. ಕಾಗದ ಇದ್ದರೂ ಇಲ್ಲದಿದ್ದರೂ ಭಾರ ಅಷ್ಟೇ.

ಶಾಸನದ ಶಾಪ

ಹಿಂದೆ ಕಾನೂನು ಮತ್ತು ಧರ್ಮ ಒಂದೇ ಕಲ್ಲಿನ ಮೇಲೆ ಕೂತಿದ್ದವು. ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ದಾನಶಾಸನಗಳಲ್ಲಿ ಮೊದಲು ಭೂಮಿಯ ವಿವರ, ಎಲ್ಲೆ, ಸಾಕ್ಷಿ ಬರುತ್ತವೆ. ಕೊನೆಗೆ ಶಾಪ. ಈ ದಾನವನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪ ತಟ್ಟಲಿ ಎಂಬ ಧಾಟಿಯ ಮಾತು ಅನೇಕ ಶಾಸನಗಳಲ್ಲಿದೆ. ದಾನ ಕೊಟ್ಟ ಅರಸ ಸತ್ತ ಮೇಲೂ ಮುಂದೆ ಬರುವವರನ್ನು ಕಟ್ಟಿಹಾಕಲು ಆಗಿದ್ದ ಉಪಾಯ ಇದು.

ಇಂದಿನ ಕಾನೂನು ಶಾಪದ ಜಾಗದಲ್ಲಿ ನೋಂದಣಿಯನ್ನು ಇಟ್ಟಿದೆ.

ಕಾನೂನಿನಲ್ಲಿ ಒಡಂಬಡಿಕೆ

1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಕರಾರಿಗೆ ಸ್ವತಂತ್ರ ಒಪ್ಪಿಗೆ, ಅರ್ಹ ವ್ಯಕ್ತಿಗಳು, ಪ್ರತಿಫಲ, ಕಾನೂನುಬದ್ಧ ಉದ್ದೇಶ ಬೇಕು. ಬಾಯಿಮಾತಿನ ಕರಾರೂ ಅನೇಕ ಸಂದರ್ಭಗಳಲ್ಲಿ ಸಿಂಧು. ಆದರೆ ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿದ ಒಪ್ಪಂದ, ಹತ್ತು ಸಾಕ್ಷಿ ಇದ್ದರೂ ಅಸಿಂಧು.

ಭೂಮಿಯ ವಿಷಯ ಬಂದರೆ ಕಾನೂನು ಇನ್ನೂ ಬಿಗಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ 100 ರೂಪಾಯಿ ಅಥವಾ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಪತ್ರ ಬೇಕು. ಇದೇ ಕಾಯ್ದೆಯ 40ನೇ ಕಲಂನಲ್ಲಿ ಭೂಮಿಗೆ ಅಂಟಿಕೊಳ್ಳುವ ಒಡಂಬಡಿಕೆಯ ಮಾತಿದೆ. ಉದಾಹರಣೆಗೆ, ರೈತನೊಬ್ಬ ತನ್ನ ಹೊಲದ ಅರ್ಧ ಮಾರುವಾಗ, ಉಳಿದ ಅರ್ಧಕ್ಕೆ ತೊಂದರೆಯಾಗದಂತೆ ಬದುವಿನ ಪಕ್ಕ ಕಟ್ಟಡ ಕಟ್ಟಬಾರದು ಎಂದು ಷರತ್ತು ಬರೆಸಬಹುದು. ಆ ಷರತ್ತು ಗೊತ್ತಿದ್ದೂ ಮುಂದೆ ಹೊಲ ಕೊಳ್ಳುವವನನ್ನೂ ಅದು ಕಟ್ಟಬಲ್ಲದು. ಷರತ್ತು ಪತ್ರದಲ್ಲೇ ಇದ್ದರೆ ಗೊತ್ತಿರಲಿಲ್ಲ ಎಂದು ಹೇಳುವುದು ಕಷ್ಟ.

ಕೆಲವು ಕಡೆ ಕಾನೂನು ಧರ್ಮದ ಒಡಂಬಡಿಕೆಗೆ ತಲೆಬಾಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯಂತೆ, ಸಪ್ತಪದಿಯ ರೂಢಿ ಇರುವಲ್ಲಿ ಏಳನೇ ಹೆಜ್ಜೆಗೆ ಮದುವೆ ಪೂರ್ಣವಾಗುತ್ತದೆ. ಆದರೆ ಹೊಲದ ವ್ಯಾಜ್ಯದಲ್ಲಿ ಗುಡಿಯ ಕಟ್ಟೆಯ ಮೇಲೆ ಮಾಡಿದ ಆಣೆ ನೋಂದಣಿಗೆ ಬದಲಾಗದು.

ಸಾದಾ ಬೈನಾಮಾ ಕಲಿಸಿದ ಪಾಠ

ತೆಲಂಗಾಣದ ಹಳ್ಳಿಗಳಲ್ಲಿ ಈ ಅಂತರ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಸಾದಾ ಬೈನಾಮಾದಲ್ಲಿ. ಸಾದಾ ಕಾಗದದ ಮೇಲೆ ಬರೆದು, ಊರಿನ ಹಿರಿಯರ ಸಹಿ ಹಾಕಿಸಿ, ಹಣ ಎಣಿಸಿಕೊಟ್ಟು ಹೊಲ ಕೊಂಡವರು ಸಾವಿರಾರು ಮಂದಿ. ಕೊಟ್ಟವರು, ಕೊಂಡವರು ಬದುಕಿರುವವರೆಗೆ ಮಾತು ನಡೆಯುತ್ತದೆ. ಮಕ್ಕಳ ಕಾಲಕ್ಕೆ ಹೊಲದ ಬೆಲೆ ಏರಿದಾಗ ಪಟ್ಟಾ ಯಾರ ಹೆಸರಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ.

ಹೊಲ ನಮ್ಮ ಕೈಯಲ್ಲೇ ಇದೆ, ಬಾಂಡ್ ಪೇಪರ್ ಇದೆ ಎಂಬ ಧೈರ್ಯವೂ ಸಾಲದು. 2001ರ ತಿದ್ದುಪಡಿಯ ನಂತರ ಮಾಡಿಕೊಂಡ ಕ್ರಯದ ಕರಾರು ನೋಂದಣಿಯಾಗಿರದಿದ್ದರೆ, ಸ್ವಾಧೀನದಲ್ಲಿರುವ ಖರೀದಿದಾರನಿಗೆ 53ಎ ಕಲಂನ ರಕ್ಷಣೆ ದೊರೆಯದು.

ಇಂಥ ಖರೀದಿಗಳನ್ನು ಸಕ್ರಮಗೊಳಿಸಲು ತೆಲಂಗಾಣ ಸರಕಾರ 2020ರ ಅಕ್ಟೋಬರ್, ನವೆಂಬರ್‌ನಲ್ಲಿ ಅರ್ಜಿ ಪಡೆಯಿತು. ಅದೇ ಹೊತ್ತಿಗೆ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಇದಕ್ಕೆ ಅವಕಾಶ ಇರದ ಕಾರಣ ಅರ್ಜಿಗಳು ವರ್ಷಗಟ್ಟಲೆ ಉಳಿದವು. 2025ರ ಭೂಭಾರತಿ ಕಾಯ್ದೆ ಆಗ ಅರ್ಜಿ ಹಾಕಿದ್ದವರಿಗೆ ಮತ್ತೆ ದಾರಿ ತೆರೆಯಿತು. ಆದರೆ 2014ರ ಜೂನ್ 2ಕ್ಕೆ ಮೊದಲಿನ ಖರೀದಿ, 12 ವರ್ಷಗಳ ಸ್ವಾಧೀನದಂಥ ಷರತ್ತುಗಳಿವೆ. ವಿಚಾರಣೆ ಆರ್‌ಡಿಒ ಮುಂದೆ.

ಗಡಿಯ ಆಚೆ, ಈಚೆ ಕೌಲು

ಔರಾದ್, ಬೀದರ್, ಚಿಂಚೋಳಿ, ಸೇಡಂ ಕಡೆ ನಂಟು, ಹೊಲ ಇರುವವರು ಇನ್ನೊಂದು ಮಾತು ನೆನಪಿಡಬೇಕು. ಕರ್ನಾಟಕದಲ್ಲಿ 1961ರ ಭೂ ಸುಧಾರಣಾ ಕಾಯ್ದೆಗೆ ಆದ ತಿದ್ದುಪಡಿ 1974ರ ಮಾರ್ಚ್ 1ರಿಂದ ಕೃಷಿ ಭೂಮಿಯ ಗೇಣಿಯನ್ನೇ ನಿಷೇಧಿಸಿತು. ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಈಚೆ ತೆಲಂಗಾಣದಲ್ಲಿ 1950ರ ಹೈದರಾಬಾದ್ ಗೇಣಿ ಕಾಯ್ದೆ ಕೌಲಿಗೆ ಮಿತಿ ಹಾಕಿದೆ. ಎರಡೂ ಕಡೆ ಕೌಲು ನಡೆಯುತ್ತಲೇ ಇದೆ, ಬಹುಪಾಲು ಬಾಯಿಮಾತಿನಲ್ಲಿ. ಪರಿಣಾಮ ಉಳುವವನ ಮೇಲೆ. 2018ರಲ್ಲಿ ರೈತ ಬಂಧು ಹಣ ಬಂದಾಗ ಅದು ಪಟ್ಟಾದಾರರ ಖಾತೆಗೆ ಹೋಯಿತು, ಕೌಲುದಾರರಿಗೆ ಸಿಗಲಿಲ್ಲ.

ದೊಡ್ಡವರ ಒಪ್ಪಂದವೂ ಹೀಗೆಯೇ

ಬಾಯಿಮಾತಿಗೆ ಬಲ ಸಾಲದ್ದು ರೈತರಿಗಷ್ಟೇ ಅಲ್ಲ. 1956ರ ಫೆಬ್ರವರಿ 20ರಂದು ಆಂಧ್ರ ಮತ್ತು ತೆಲಂಗಾಣದ ನಾಯಕರು ಮಾಡಿಕೊಂಡ ಒಪ್ಪಂದವನ್ನು ತೆಲುಗರು 'ಪೆದ್ದಮನುಷುಲ ಒಪ್ಪಂದಂ' ಎನ್ನುತ್ತಾರೆ. ಬೂರ್ಗುಲ ರಾಮಕೃಷ್ಣರಾವ್, ನೀಲಂ ಸಂಜೀವರೆಡ್ಡಿ ಮೊದಲಾದವರು ಅದರಲ್ಲಿದ್ದರು. ಮುಖ್ಯಮಂತ್ರಿ ಆಂಧ್ರದವರಾದರೆ ಉಪಮುಖ್ಯಮಂತ್ರಿ ತೆಲಂಗಾಣದವರು ಎಂಬುದು ಒಂದು ಷರತ್ತು.

ಅದೇ ವರ್ಷ ನವೆಂಬರ್ 1ರಂದು ಆಂಧ್ರಪ್ರದೇಶ ಆಯಿತು. ಬೀದರ್ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡ ಮತ್ತು ಗುಲ್ಬರ್ಗ ಜಿಲ್ಲೆಯಲ್ಲಿದ್ದ ತಾಂಡೂರು ಅದಕ್ಕೆ ಸೇರಿದವು. ಮೊದಲ ಮಂತ್ರಿಮಂಡಲದಲ್ಲೇ ಉಪಮುಖ್ಯಮಂತ್ರಿ ಇರಲಿಲ್ಲ. ಕೋರ್ಟಿಗೆ ಹೋಗಲು ಆ ಒಪ್ಪಂದ ಕಾಯ್ದೆಯಾಗಿರಲಿಲ್ಲ. ತೆಲಂಗಾಣದ ನೌಕರಿಗೆ ಸ್ಥಳೀಯ ವಾಸದ ಷರತ್ತು ಹಾಕಿದ 1957ರ ಕಾಯ್ದೆಯ ಭಾಗವನ್ನು ಸುಪ್ರೀಂ ಕೋರ್ಟ್ 1969ರಲ್ಲಿ ಸಂವಿಧಾನಕ್ಕೆ ವಿರುದ್ಧವೆಂದು ರದ್ದುಮಾಡಿತು. ಆ ವರ್ಷ ಚಳವಳಿ ಭುಗಿಲೆದ್ದಿತು. 2014ರ ಜೂನ್ 2ರಂದು ತೆಲಂಗಾಣ ಬೇರೆ ರಾಜ್ಯವಾಯಿತು.

ಏನು ಮಾಡಬೇಕು?

ಮಾತು ಕೊಟ್ಟವರ ಮೇಲೆ ನಂಬಿಕೆ ಇಲ್ಲದ್ದಕ್ಕೆ ಪತ್ರ ಮಾಡಿಸುವುದಲ್ಲ. ಮಾತು ಕೊಟ್ಟವರು ಇಲ್ಲವಾದ ಮೇಲೆ ಆ ಮಾತಿಗೆ ಸಾಕ್ಷಿ ಬೇಕೆಂದು ಮಾಡಿಸುವುದು. ಹೊಲ ಕೊಂಡರೆ ನೋಂದಣಿ ಮಾಡಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ಪತ್ರ ತೆಲುಗಿನಲ್ಲಿದ್ದರೆ ಸಹಿಗೆ ಮೊದಲು ಓದಬಲ್ಲವರಿಂದ ಪೂರ್ತಿ ಓದಿಸಿಕೊಳ್ಳಬೇಕು, ಅದರಲ್ಲೂ ನಿಬಂಧನೆಗಳನ್ನು. ಕೌಲು ಕೊಡುವ, ಪಡೆಯುವ ಮೊದಲು ಹೊಲ ಯಾವ ರಾಜ್ಯದಲ್ಲಿದೆ, ಅಲ್ಲಿ ಅದಕ್ಕೆ ಅವಕಾಶ ಇದೆಯೇ ಎಂದು ವಕೀಲರಲ್ಲಿ ಕೇಳಬೇಕು. ಖರ್ಚು ಮಾಡಲಾಗದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅಲ್ಲಿ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ.