ಜೂನ್ 12 ಡಿಸೆಂಬರ್ ಆದರೆ ಲೆಕ್ಕ ಯಾರು ಕೊಡಬೇಕು?
ಮೆಟ್ಟೂರಿನ ಕಂಪ್ಯೂಟರಿಗೂ ಎರಡು ಭಾಷೆ ಕಲಿಸಬೇಕಾಗಿದೆ

ಮೆಟ್ಟೂರು: ಈ ಊರಿನವರಿಗೆ ಜೂನ್ 12 ಎಂದರೆ ಅಣೆಕಟ್ಟೆಯ ಬಾಗಿಲು ತೆಗೆಯುವ ದಿನ. 1934ರಲ್ಲಿ ಮುಗಿದ ಈ ಅಣೆಕಟ್ಟೆಯಿಂದ, ನೀರು ಸಾಕಷ್ಟಿದ್ದ ವರ್ಷ, ತಂಜಾವೂರು ಸೀಮೆಯ ಕುರುವೈ ಬೆಳೆಗೆ ಆ ದಿನ ಕಾವೇರಿ ಬಿಡುವುದು ವಾಡಿಕೆ. ಅದೇ ತಾರೀಖನ್ನು ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ 12/6 ಎಂದು ಬರೆದು ನೋಡಿ. ಯಂತ್ರ ಅಮೆರಿಕದ ಪದ್ಧತಿಗೆ ಹೊಂದಿಕೊಂಡಿದ್ದರೆ ಅದು ಡಿಸೆಂಬರ್ 6 ಎಂದೇ ತಿಳಿಯುತ್ತದೆ. ಅಣೆಕಟ್ಟೆಗೆ ಇದರಿಂದ ನಷ್ಟವೇನೂ ಇಲ್ಲ. ಆದರೆ ಮರಗೆಣಸು ಹಾಕಿ ದುಡ್ಡಿಗೆ ವಾಯಿದೆ ಬರೆಸಿಕೊಂಡ ರೈತನಿಗೆ ಆರು ತಿಂಗಳ ನಷ್ಟ.

ಪಾಲಾರ್ ದಾಟಿ ಮಾದಪ್ಪನ ಬೆಟ್ಟದ ಕಡೆಗೆ ಹೋಗಿ ಬರುವ ಕೊಳತ್ತೂರು, ಮೆಟ್ಟೂರು ಭಾಗದ ಎಷ್ಟೋ ಕುಟುಂಬಗಳಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು. ಆಚೆಯ ನೆಂಟರ ಪಹಣಿ ಕನ್ನಡದಲ್ಲಿರುತ್ತದೆ, ಈಚೆಯ ಪಟ್ಟಾ ತಮಿಳಿನಲ್ಲಿ. ಎರಡೂ ಕಡೆಯ ಕಾಗದ ಒಂದೇ ಯಂತ್ರದ ಮುಂದೆ ಬರುತ್ತವೆ. ಟೈಪಿಂಗ್ ಅಂಗಡಿಗಳಲ್ಲಿ ನಾನು ಮೇಲಿಂದ ಮೇಲೆ ಕೇಳಿರುವ ಮಾತು ಒಂದೇ: “ಏನ್ ಸ್ವಾಮಿ, ನಿಮ್ ಕಂಪ್ಯೂಟ್ರಿಗೆ ಕನ್ನಡ ಬರಾಕಿಲ್ವಾ?”

ಬರುತ್ತದೆ. ಆದರೆ ಮೂರು ಕಡೆ ಬೇರೆ ಬೇರೆಯಾಗಿ ಹೇಳಬೇಕು. ಅಕ್ಷರ ತೋರಿಸುವುದು ಒಂದು, ಕೀಲಿಮಣೆಯಿಂದ ಅಕ್ಷರ ಮೂಡಿಸುವುದು ಇನ್ನೊಂದು, ತಾರೀಖು ಮತ್ತು ಅಂಕಿಯ ಪದ್ಧತಿ ಮೂರನೆಯದು. ಒಂದನ್ನು ಸರಿ ಮಾಡಿದರೆ ಉಳಿದೆರಡು ತಾವಾಗಿ ಸರಿಯಾಗುವುದಿಲ್ಲ.

ಮೂರು ರೋಗ, ಮೂರು ಮದ್ದು

ಪರದೆಯ ಮೇಲೆ ಏನು ಕಾಣುತ್ತದೆ ಎಂಬುದರಿಂದಲೇ ರೋಗ ಗೊತ್ತಾಗುತ್ತದೆ.

ಅಕ್ಷರದ ಬದಲು ಖಾಲಿ ಚೌಕಗಳು ಬಂದರೆ ಕಡತ ಚೆನ್ನಾಗಿದೆ ಎಂದೇ ಅರ್ಥ. ಆ ಯಂತ್ರದಲ್ಲಿ ಕನ್ನಡದ ಫಾಂಟ್ ಇಲ್ಲ, ಅಷ್ಟೆ. ಫಾಂಟ್ ಹಾಕಿದರೆ ಓದಬಹುದು.

ಚೌಕದ ಬದಲು ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಗುರುತುಗಳೂ ಕಲಸಿಕೊಂಡು ಬಂದರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದ ಕಡತ ಇರಬಹುದು. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದವು. ತಮಿಳಿನ ಬಾಮಿನಿಯದೂ ಇದೇ ಕಥೆ. ಫಾಂಟ್ ಇಲ್ಲದ ಯಂತ್ರಕ್ಕೆ ಹೋದರೆ ವೇಷ ಕಳಚಿ ಬೀಳುತ್ತದೆ. ನುಡಿ, ಬರಹ ತಂತ್ರಾಂಶಗಳ ಜೊತೆ ಬರುವ ಪರಿವರ್ತಕದಿಂದ ಇಂಥ ಕಡತವನ್ನು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು. ಯೂನಿಕೋಡಿನಲ್ಲಿ ಕನ್ನಡಕ್ಕೂ ತಮಿಳಿಗೂ ಬೇರೆ ಬೇರೆ ಜಾಗ ಇರುವುದರಿಂದ ಎರಡೂ ಒಂದೇ ಹಾಳೆಯಲ್ಲಿ ಜಗಳವಿಲ್ಲದೆ ಕೂರುತ್ತವೆ.

ಬರೀ ಪ್ರಶ್ನೆ ಚಿಹ್ನೆಗಳ ಸಾಲು ಕಂಡರೆ ಮಾತ್ರ ಹುಷಾರು. ಉಳಿಸುವಾಗಲೇ ಅಕ್ಷರ ಸತ್ತುಹೋಗಿರುವ ಸಂಭವ ಹೆಚ್ಚು. ಆಮೇಲೆ ಯಾವ ಫಾಂಟ್ ಹಾಕಿದರೂ ಬರುವುದಿಲ್ಲ. ಎಕ್ಸೆಲ್‌ನ ಪಟ್ಟಿಯನ್ನು ಸಾದಾ ಸಿಎಸ್‌ವಿ ಆಗಿ ಉಳಿಸಿದಾಗ ಹೀಗಾಗುವುದುಂಟು. ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಬೇಕು. ಮೂಲ ಕಡತವನ್ನು ಯಾವತ್ತೂ ಅಳಿಸಬಾರದು.

ತಮಿಳು ಮೊದಲು, ಕನ್ನಡ ಆಮೇಲೆ

ಒಂದೇ ಅಂಗಡಿಯ ಹಳೆಯ ಯಂತ್ರದಲ್ಲಿ ತಮಿಳು ಬಂದು ಕನ್ನಡ ಬಾರದಿದ್ದರೆ ಅದು ಅಂಗಡಿಯವನ ಪಕ್ಷಪಾತವಲ್ಲ. ವಿಂಡೋಸ್ 2000ರಲ್ಲಿ ತಮಿಳಿಗೆ ಜಾಗ ಸಿಕ್ಕಿತ್ತು. ಕನ್ನಡಕ್ಕೆ 2001ರ ಎಕ್ಸ್‌ಪಿಯವರೆಗೆ ಕಾಯಬೇಕಾಯಿತು. ಅದರಲ್ಲೂ ಒತ್ತಕ್ಷರ ಕೂಡಿಸುವ ಸೌಲಭ್ಯವನ್ನು ಬೇರೆಯಾಗಿ ಹಾಕಿಸಬೇಕಿತ್ತು.

ಈಗಿನ ವಿಂಡೋಸ್ 11ರಲ್ಲಿ ಆ ಗೋಳಿಲ್ಲ. ಸೆಟ್ಟಿಂಗ್ಸ್‌ನ ‘ಟೈಮ್ ಅಂಡ್ ಲ್ಯಾಂಗ್ವೇಜ್’ ಒಳಗೆ ಕನ್ನಡ, ತಮಿಳು ಎರಡನ್ನೂ ಸೇರಿಸಿ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಇಲ್ಲೊಂದು ಲಾಭವೂ ಇದೆ. ಕನ್ನಡದ ‘ಕ’ ಇರುವ ಕೀಲಿಯಲ್ಲೇ ತಮಿಳಿನ ‘ಕ’ ಇರುತ್ತದೆ. ಬೆರಳು ಒಂದು ಸಲ ಪಳಗಿದರೆ ಎರಡು ಭಾಷೆಗೂ ಆಯಿತು.

ತಾರೀಖು, ಲಕ್ಷ, ಕೋಟಿ

ದುಡ್ಡಿನ ವಿಷಯ ಇರುವುದು ಇಲ್ಲಿ. ಅದೇ ಸೆಟ್ಟಿಂಗ್ಸ್‌ನಲ್ಲಿ ‘ರೀಜನಲ್ ಫಾರ್ಮ್ಯಾಟ್’ ಎಂಬುದನ್ನು ‘ಇಂಗ್ಲಿಷ್ (ಇಂಡಿಯಾ)’ ಮಾಡಿದರೆ ದಿನ ಮೊದಲು, ತಿಂಗಳು ಆಮೇಲೆ ಬರುತ್ತದೆ. 100,000 ಎಂದು ಬೀಳುತ್ತಿದ್ದದ್ದು ನಮ್ಮ ರೂಢಿಯಂತೆ 1,00,000 ಆಗುತ್ತದೆ.

ಹಳೆಯ ಲೆಕ್ಕ ಕೆಟ್ಟಿದೆಯೋ ಎಂದು ತಿಳಿಯಲು ಸುಲಭದ ದಾರಿ ಇದೆ. ತಾರೀಖಿನ ಸಾಲಿನಲ್ಲಿ ಕೆಲವು ಎಡಕ್ಕೂ ಕೆಲವು ಬಲಕ್ಕೂ ಅಂಟಿದ್ದರೆ ಅನುಮಾನಪಡಿ. ಹದಿಮೂರನೆಯ ತಿಂಗಳು ಇಲ್ಲದ್ದರಿಂದ 13/6 ಅನ್ನು ಯಂತ್ರ ತಾರೀಖೆಂದು ಒಪ್ಪದೆ ಬರೀ ಬರಹವಾಗಿ ಎಡಕ್ಕೆ ತಳ್ಳುತ್ತದೆ. 12/6 ಅನ್ನು ಮಾತ್ರ ತಪ್ಪಾಗಿ ನುಂಗಿ ಸುಮ್ಮನೆ ಬಲಕ್ಕೆ ಕೂರುತ್ತದೆ. ಸೆಟ್ಟಿಂಗ್ ಬದಲಿಸಿದ ಮಾತ್ರಕ್ಕೆ ಹಳೆಯ ತಪ್ಪು ಹೋಗುವುದಿಲ್ಲ. ಕೈಚೀಟಿ ಇಟ್ಟುಕೊಂಡು ತಿದ್ದಬೇಕು. ಎರಡೂ ಕಡೆಯವರು ಸಹಿ ಹಾಕುವ ಕಾಗದದಲ್ಲಂತೂ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಸುವುದು ಲೇಸು.

ಸೆಟ್ಟಿಂಗ್‌ಗೆ ನಿಲುಕದ್ದು

ಹೆಸರಿನ ವಿಷಯ ಬೇರೆ. ತಮಿಳಿನಲ್ಲಿ ಪ-ಬ ಎರಡಕ್ಕೂ ಒಂದೇ ಅಕ್ಷರ, ಕ-ಗ ಎರಡಕ್ಕೂ ಒಂದೇ. ತಮಿಳಿನಲ್ಲಿ ಬರೆದ ಬಸಪ್ಪನನ್ನು ಯಂತ್ರ ಅಕ್ಷರಕ್ಕೆ ಅಕ್ಷರ ಇಟ್ಟು ಕನ್ನಡಕ್ಕೆ ತಂದರೆ ಪಸಪ್ಪ ಆಗಬಹುದು. ಇದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿರುವ ಹೆಸರಿಗೆ ಹೋಲಿಸಿ, ಕಣ್ಣಾರೆ ಓದಿ, ಆಮೇಲೆ ಸಹಿ ಹಾಕಬೇಕು.

ವ್ಯಾಪಾರಿಗಳಿಗೆ ನನ್ನದೊಂದು ಸಲಹೆ. ಹೊಸ ಯಂತ್ರ ಕೊಳ್ಳುವ ದಿನ ದುಡ್ಡು ಎಣಿಸುವ ಮುಂಚೆ ಅಂಗಡಿಯಲ್ಲೇ ಕೂತು ಮೂರು ಸಾಲು ಬರೆಸಿ ನೋಡಿ: ಕನ್ನಡದಲ್ಲಿ ನಿಮ್ಮ ಹೆಸರು, ತಮಿಳಿನಲ್ಲಿ ಊರಿನ ಹೆಸರು, ಕೆಳಗೆ 13/6. ಕೊನೆಯದು ಬಲಕ್ಕೆ ಕೂತರೆ ಮನೆಗೆ ತನ್ನಿ. ಎಡಕ್ಕೆ ಹೋದರೆ ಅಲ್ಲೇ ಸರಿ ಮಾಡಿಸಿ.