ಭೂಮದೂಟದ ಮೇಜು: ಅಲಂಕಾರದ ಸುತ್ತಣ ನಂಬಿಕೆಗಳು ಮತ್ತು ವಾಸ್ತವ

ಬೆಂಗಳೂರಿನ ಹನುಮಂತನಗರ, ಬಸವನಗುಡಿ, ಚಾಮರಾಜಪೇಟೆಗಳ ಕಲ್ಯಾಣ ಮಂಟಪಗಳಲ್ಲಿ ಮದುವೆ, ಷಷ್ಟಿಪೂರ್ತಿ, ವಿವಾಹ ವಾರ್ಷಿಕೋತ್ಸವಗಳ ಊಟದ ಮೇಜಿಗೆ ಮಾಡುವ ಸಿಂಗಾರವು ಈಗ ಪ್ರತ್ಯೇಕ ಖರ್ಚಿನ ಬಾಬ್ತಾಗಿ ಬೆಳೆದಿದ್ದು, ಅದರ ಜೊತೆಗೇ ಹಲವು ತಪ್ಪು ಕಲ್ಪನೆಗಳೂ ಬೇರುಬಿಟ್ಟಿವೆ. ಅವುಗಳಲ್ಲಿ ಎಲ್ಲಕ್ಕಿಂತ ಆಳವಾದದ್ದು, ಊಟದ ಜಾಗವನ್ನು ಅಲಂಕರಿಸುವುದು ಪಶ್ಚಿಮದಿಂದ ಬಂದ ರೂಢಿ, ಆದ್ದರಿಂದ ಅದನ್ನು ಅಲ್ಲಿನ ಮಾದರಿಯಲ್ಲೇ ಮಾಡಬೇಕು ಎಂಬ ತಿಳಿವಳಿಕೆ. ಮೇಜು ಈ ನಾಡಿನ ಊಟಕ್ಕೆ ತಡವಾಗಿ ಬಂದ ವಸ್ತುವೆಂಬುದು ನಿಜವಾದರೂ ಸಿಂಗಾರ ಹಾಗಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಅರಸನು ಪೂರ್ವಕ್ಕೆ ಮುಖಮಾಡಿ ಮೆತ್ತನೆಯ ಆಸನದಲ್ಲಿ ಕುಳಿತು, ಹೊಕ್ಕುಳಿನಿಂದ ಮೊಣಕಾಲಿನವರೆಗೆ ಬಿಳಿಯ ವಸ್ತ್ರವನ್ನು ಹಾಸಿಕೊಂಡು, ಚಿನ್ನದ ತಟ್ಟೆ ಮತ್ತು ಬಟ್ಟಲುಗಳಲ್ಲಿ ಉಣ್ಣುವ ಕ್ರಮದ ವರ್ಣನೆಯಿದೆ. ಇಂದು ದೊಡ್ಡ ಹೋಟೆಲುಗಳ ಶಿಷ್ಟಾಚಾರವೆನಿಸಿರುವ ನ್ಯಾಪ್‌ಕಿನ್ ಕನ್ನಡ ನೆಲದ ಅರಮನೆಗೆ ಹೊಸದಾಗಿರಲಿಲ್ಲ ಎನ್ನಲು ಇಷ್ಟು ಸಾಕು.

ಜನಸಾಮಾನ್ಯರಲ್ಲಿ ಈ ಕಲೆಯನ್ನು ಉಳಿಸಿಕೊಂಡು ಬಂದಿರುವುದು ಭೂಮದೂಟ, ಅಂದರೆ ಮುಹೂರ್ತ ಕಳೆದ ಮೇಲೆ ವಧೂವರರನ್ನೂ ಎರಡೂ ಕಡೆಯ ಹತ್ತಿರದ ಬಂಧುಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ವಿಶೇಷವಾಗಿ ಬಡಿಸುವ ಊಟ. ಹಿಂದೆ ನೆಲದ ಮೇಲೆ ಮಣೆ ಹಾಕಿ, ಅಗಲವಾದ ಕುಡಿ ಬಾಳೆಲೆಯ ಸುತ್ತ ರಂಗವಲ್ಲಿ ಎಳೆದು, ಬೆಳ್ಳಿಯ ತಟ್ಟೆ ಲೋಟಗಳನ್ನೂ ದೀಪವನ್ನೂ ಇರಿಸಿ, ಚಿರೋಟಿ, ಲಾಡುಗಳನ್ನು ಕಣ್ಣು ತುಂಬುವಂತೆ ಜೋಡಿಸುತ್ತಿದ್ದರು. ಮಂಡಿ ಮಡಿಸಿ ಕೂರಲಾಗದ ಹಿರಿಯರ ಅನುಕೂಲಕ್ಕಾಗಿ ಇದೇ ಸಿಂಗಾರ ಮೇಜಿಗೆ ಏರಿದೆ. ಹೀಗೆ ಏರುವಾಗ ಏನು ಉಳಿಯಬೇಕು, ಏನು ಬದಲಾಗಬೇಕು ಎಂಬುದನ್ನು ವಿಚಾರಿಸದೆ ಹೋದದ್ದರಿಂದಲೇ ಮುಂದಿನ ತಪ್ಪುಗಳೆಲ್ಲ ಹುಟ್ಟಿಕೊಂಡಿವೆ.

ಮೇಜಿನ ನಡುವೆ ಎತ್ತರದ ಹೂಗುಚ್ಛವಿಲ್ಲದಿದ್ದರೆ ಅದು ಅಲಂಕಾರವೇ ಅಲ್ಲ ಎಂಬ ಭಾವನೆ ಇಂಥದ್ದು. ಆ ಪದ್ಧತಿ ರೂಪುಗೊಂಡದ್ದು ಅತಿಥಿಗಳು ಎದುರುಬದುರು ಕೂರುವ ಅಗಲವಾದ ಮೇಜಿಗೆ. ಅಲ್ಲಿಯೂ ಗುಚ್ಛವು ಸುಮಾರು ಒಂದು ಅಡಿಯನ್ನು ಮೀರಿದರೆ ಎದುರಿನವರ ಮುಖ ಮರೆಯಾಗುತ್ತದೆಂದು ಬಲ್ಲ ಅಲಂಕಾರಕಾರರು ಅದನ್ನು ತಗ್ಗಾಗಿಯೇ ಇಡುತ್ತಾರೆ. ಕಲ್ಯಾಣ ಮಂಟಪದ ಪಂಕ್ತಿಯ ಮೇಜು ಕಿರಿದು. ಉಣ್ಣುವವರು ಅದರ ಒಂದೇ ಬದಿಯಲ್ಲಿ ಸಾಲಾಗಿ ಕುಳಿತಿರುತ್ತಾರೆ, ಇನ್ನೊಂದು ಬದಿಯಲ್ಲಿ ಬಡಿಸುವವರು ಬಕೆಟ್ಟು ಹಿಡಿದು ಸಾಗುತ್ತ ಸೌಟನ್ನು ಎಲೆಯವರೆಗೆ ಚಾಚುತ್ತಾರೆ. ಅವರ ಕೈಗೂ ಎಲೆಗೂ ನಡುವೆ ನಿಲ್ಲುವ ಹೂದಾನಿಯ ಮೇಲೆ ಸಾರು ಚೆಲ್ಲುವುದು ಖಚಿತ. ಇಂಥ ಮೇಜಿನಲ್ಲಿ ಸಿಂಗಾರಕ್ಕೆ ಸಲ್ಲುವ ಜಾಗವೆಂದರೆ ಸಾಲಿನ ಎರಡು ತುದಿಗಳು ಮತ್ತು ಬಡಿಸುವವರ ಕಡೆಗೆ ಇಳಿಬಿಟ್ಟ ಬಟ್ಟೆಯ ಅಂಚು. ಅಲ್ಲಿ ಮಾವಿನೆಲೆಯ ತೋರಣ ಅಥವಾ ಸೇವಂತಿಗೆಯ ಮಾಲೆಯನ್ನು ಒತ್ತಾಗಿ ಕಟ್ಟಿದರೆ ಯಾರಿಗೂ ಅಡ್ಡಿಯಾಗುವುದಿಲ್ಲ.

ನಡುವಿನ ಜಾಗದ ನಿಜವಾದ ಅಲಂಕಾರ ಎಲೆಯೇ. ಕುಡಿ ಉಣ್ಣುವವರ ಎಡಕ್ಕೆ ಬರುವಂತೆ ಹಾಕಿದ ಎಲೆಯನ್ನು ನಡುವಿನ ದಿಂಡು ಎರಡಾಗಿ ಭಾಗಿಸುತ್ತದೆ. ಮೇಲಿನ ಅರ್ಧದಲ್ಲಿ ಉಪ್ಪು, ಉಪ್ಪಿನಕಾಯಿ, ತಿಳಿಹಳದಿಯ ಹೆಸರುಬೇಳೆ ಕೋಸಂಬರಿ, ಹಸಿರು ಹುರುಳಿಕಾಯಿ ಪಲ್ಯ ಮುಂತಾದವು ಸಣ್ಣ ಸಣ್ಣ ಗುಪ್ಪೆಗಳಾಗಿ ಕೂರುತ್ತವೆ, ಕೆಳಗಿನ ಅರ್ಧ ಅನ್ನಕ್ಕಾಗಿ ಖಾಲಿ ಇರುತ್ತದೆ, ಅಗಲವಾದ ಭಾಗ ಉಣ್ಣುವ ಬಲಗೈಗೆ ಒದಗುತ್ತದೆ. ಬಣ್ಣ, ಅಳತೆ, ಖಾಲಿ ಜಾಗ ಮೂರನ್ನೂ ಇಷ್ಟು ಹದವಾಗಿ ಬಳಸಿಕೊಂಡ ವಿನ್ಯಾಸದ ಮೇಲೆ ಗುಲಾಬಿ ಎಸಳುಗಳನ್ನು ಚೆಲ್ಲುವುದು ಅದಕ್ಕೆ ಸೇರಿಸಿದ ಸೊಬಗಲ್ಲ, ಅದನ್ನು ಕೆಡಿಸಿದಂತೆ.

ರಂಗೋಲಿಯ ವಿಷಯದಲ್ಲಿ ಪ್ರಚಲಿತವಿರುವ ಕಲ್ಪನೆ ಇನ್ನಷ್ಟು ಎಚ್ಚರಿಕೆಯನ್ನು ಬೇಡುತ್ತದೆ. ರಂಗೋಲಿ ಪುಡಿ ಅಕ್ಕಿಹಿಟ್ಟಿನಂಥದ್ದೇ, ಎಲೆಗೆ ತಾಗಿದರೆ ತೊಂದರೆಯಿಲ್ಲ ಎಂದು ಅನೇಕರು ಭಾವಿಸಿದ್ದಾರೆ. ಅಂಗಡಿಗಳಲ್ಲಿ ಇಂದು ಸಿಗುವ ಬಿಳಿ ಪುಡಿ ಸಾಮಾನ್ಯವಾಗಿ ಅರೆದ ಕಲ್ಲಿನದು, ಬಣ್ಣದ ಪುಡಿಗಳಲ್ಲಿ ಸೇರುವ ಬಣ್ಣಗಳು ತಿನ್ನಲೆಂದು ತಯಾರಾದವಲ್ಲ. ನೆಲದ ಮೇಲೆ ಹಿರಿಯರು ಎಳೆಯುತ್ತಿದ್ದ ಎಳೆಗೆ ಅಕ್ಕಿಹಿಟ್ಟು ಬಳಕೆಯಲ್ಲಿತ್ತು. ಫ್ಯಾನಿನ ಗಾಳಿಗೆ ಹಾರಿ ಅನ್ನಕ್ಕೆ ಬಿದ್ದರೂ ಅದರಿಂದ ಅಪಾಯವಿರಲಿಲ್ಲ. ಆದ್ದರಿಂದ ಭೂಮದೂಟದ ಮೇಜಿನಲ್ಲಿ ಅಕ್ಕಿಹಿಟ್ಟು ಮತ್ತು ಅಡುಗೆಯ ಅರಿಸಿನದಿಂದಲೇ ಚಿತ್ರ ಬಿಡಿಸಿ, ಬಣ್ಣದ ಪುಡಿಯನ್ನು ಮಂಟಪದ ಬಾಗಿಲಿಗೆ ಮೀಸಲಿಡುವುದು ಸರಿಯಾದ ಕ್ರಮ.

ಹೂವು ಪ್ರಕೃತಿಯದಾದ್ದರಿಂದ ಯಾವುದನ್ನು ಬೇಕಾದರೂ ಊಟದ ಬಳಿ ಇಡಬಹುದೆಂಬ ಮಾತೂ ಸರಿಯಲ್ಲ. ದೇವರ ಪೂಜೆಗೆ ಸಲ್ಲುವ ಕಣಗಿಲೆಯ ಎಲೆ, ಹೂವು, ಕಾಂಡಗಳೆಲ್ಲದರಲ್ಲೂ ಹೃದಯದ ಬಡಿತವನ್ನು ಏರುಪೇರು ಮಾಡುವ ವಿಷವಿದೆ; ಅಗ್ನಿಶಿಖೆಯೆಂಬ ಚೆಲುವಾದ ಬಳ್ಳಿಹೂವೂ ವಿಷಕಾರಿ. ಸುಗಂಧರಾಜದಲ್ಲಿ ವಿಷವಿಲ್ಲದಿದ್ದರೂ ಅದರ ಗಾಢವಾದ ಪರಿಮಳವು ತುಪ್ಪದ, ಒಗ್ಗರಣೆಯ ಘಮವನ್ನು ನುಂಗಿಹಾಕುವುದರಿಂದ ಅದು ಮಂಟಪಕ್ಕೆ ಒಪ್ಪುತ್ತದೆಯೇ ಹೊರತು ಊಟದ ಮನೆಗಲ್ಲ. ಗಾಂಧಿ ಬಜಾರಿನಲ್ಲೇ ಸಿಗುವ ಸೇವಂತಿಗೆ, ಬಿಡಿ ಗುಲಾಬಿಗಳನ್ನು ಅಳತೆಯರಿತು ಬಳಸಿದರೆ ಸಾಕಾಗುತ್ತದೆ. ಹಣ್ಣಿನ ಬುಟ್ಟಿಯನ್ನೂ ಹೂವನ್ನೂ ಒತ್ತಿಗೆ ಇಡಬಾರದೆಂಬುದು ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಸಂಗತಿ: ಮಾಗುವ ಬಾಳೆ, ಮಾವುಗಳಿಂದ ಹೊರಬರುವ ಎಥಿಲೀನ್ ಎಂಬ ಅನಿಲವು ಕಾರ್ನೇಷನ್‌ನಂಥ ಹೂಗಳನ್ನು ಬೇಗ ಬಾಡಿಸುತ್ತದೆ.

ವಾರ್ಷಿಕೋತ್ಸವಗಳಿಗೆ ಸಂಬಂಧಿಸಿದಂತೆ ಎರಡು ಗೊಂದಲಗಳಿವೆ. ಷಷ್ಟಿಪೂರ್ತಿಯನ್ನು ಮದುವೆಯ 60ನೆಯ ವರ್ಷವೆಂದು ತಿಳಿದು ಮೇಜಿನ ಮೇಲೆ ಹಾಗೆಯೇ ಬರೆಸುವವರಿದ್ದಾರೆ. ಅದು ವಯಸ್ಸಿಗೆ ಸಂಬಂಧಿಸಿದ ಶಾಂತಿಕರ್ಮ. ಪ್ರಭವದಿಂದ ಅಕ್ಷಯದವರೆಗಿನ 60 ಸಂವತ್ಸರಗಳ ಚಕ್ರವು ಒಂದು ಸುತ್ತು ಮುಗಿಸಿ ಹುಟ್ಟಿದ ಸಂವತ್ಸರ ಮರಳುವುದನ್ನು ಅದು ಗುರುತಿಸುತ್ತದೆ. ಆ ದಿನ ದಂಪತಿಗಳು ಮತ್ತೆ ಮಾಂಗಲ್ಯಧಾರಣೆ ಮಾಡಿಕೊಳ್ಳುವುದರಿಂದ ಗೊಂದಲವುಂಟಾಗಿದೆ. ಇನ್ನೊಂದು, ಪ್ರತಿ ವರ್ಷದ ಆಚರಣೆಗೂ ಒಂದೊಂದು ಲೋಹ ಅಥವಾ ವಸ್ತು ಪರಂಪರೆಯಿಂದ ನಿಗದಿಯಾಗಿದೆ, ಮೇಜಿನ ಬಣ್ಣವೂ ಅದನ್ನೇ ಅನುಸರಿಸಬೇಕು ಎಂಬುದು. 25ಕ್ಕೆ ಬೆಳ್ಳಿ, 50ಕ್ಕೆ ಚಿನ್ನ ಎಂಬ ರೂಢಿ ಯುರೋಪಿನಲ್ಲಿ ಹಳೆಯದಾದರೂ, ವರ್ಷವಾರು ಉದ್ದನೆಯ ಪಟ್ಟಿಯನ್ನು 1937ರಲ್ಲಿ ಪ್ರಕಟಿಸಿದ್ದು ಅಮೆರಿಕದ ಚಿಲ್ಲರೆ ಆಭರಣ ವ್ಯಾಪಾರಿಗಳ ಸಂಘ. ಅದಕ್ಕೆ ಬದ್ಧವಾಗಬೇಕಾದ ಅಗತ್ಯ ಬೆಂಗಳೂರಿನ ಯಾವ ದಂಪತಿಗಳಿಗೂ ಇಲ್ಲ.

ಹೂ ಚುಚ್ಚಲು ಬಳಸುವ ಹಸಿರು ಬಣ್ಣದ ಮೆತ್ತನೆಯ ಇಟ್ಟಿಗೆ ಮಣ್ಣಿನಲ್ಲಿ ಕರಗುತ್ತದೆಂಬ ನಂಬಿಕೆಯೂ ವ್ಯಾಪಕವಾಗಿದೆ. 1954ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಪದಾರ್ಥವು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ತಯಾರಾಗುವ ಪ್ಲಾಸ್ಟಿಕ್ ಆಗಿದ್ದು, ಅದು ಕರಗುವುದಿಲ್ಲ, ಪುಡಿಯಾಗಿ ನೀರು ಮಣ್ಣುಗಳಲ್ಲಿ ಉಳಿಯುತ್ತದೆ. ಅದೇ ಕೆಲಸವನ್ನು ಬಾಳೆದಿಂಡಿನ ಒಂದು ಗೇಣು ತುಂಡು ಮಾಡುತ್ತದೆ: ದಿಂಡು ತನ್ನೊಳಗೇ ನೀರು ಹಿಡಿದಿರುತ್ತದೆ, ತೆಂಗಿನ ಗರಿಯ ಕಡ್ಡಿಯನ್ನು ತೊಟ್ಟಿಗೆ ಸಿಕ್ಕಿಸಿ ಚುಚ್ಚಿದರೆ ಸೇವಂತಿಗೆ ಊಟ ಮುಗಿಯುವವರೆಗೂ ಅಲುಗದೆ ನಿಲ್ಲುತ್ತದೆ. ಇನ್ನು ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆ ದಪ್ಪವಾಗಿದ್ದರೆ ಕಾನೂನಿನ ಅಡ್ಡಿಯಿಲ್ಲವೆಂದು ಹೇಳುವುದುಂಟು. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಅಧಿಸೂಚನೆಯು ಊಟದ ಮೇಜಿನ ಮೇಲೆ ಹರಡುವ ಪ್ಲಾಸ್ಟಿಕ್ ಹಾಳೆಯನ್ನು ಹೆಸರಿಸಿಯೇ, ದಪ್ಪ ಎಷ್ಟೇ ಇರಲಿ, ನಿಷೇಧಿಸಿದೆ. ಅಲಂಕಾರದ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವಾಗಿದೆ. ಅಲಂಕಾರದವರಿಗೆ ಮುಂಗಡ ಕೊಡುವ ಮುನ್ನ ಹೂವನ್ನು ಯಾವುದಕ್ಕೆ ಚುಚ್ಚುತ್ತಾರೆ, ಮೇಜಿಗೆ ಏನು ಹಾಸುತ್ತಾರೆ ಎಂಬೆರಡನ್ನು ಮದುವೆಯ ಮನೆಯವರು ಕೇಳಿ ತಿಳಿದುಕೊಳ್ಳಬೇಕು.